ನಂಬಿದ್ದನ್ನು ಹೇಳುವ ಧೈರ್ಯ

ಕನ್ನಡ ಸಭೆಗಳ ವಾರದ ಪ್ರಾರ್ಥನಾ ಕೂಟಗಳಲ್ಲಿ ತಪ್ಪದೆ ಕೇಳಿಬರುವ ಒಂದು ಬೇಡಿಕೆಯಿದೆ. ಮಕ್ಕಳ ಪರೀಕ್ಷೆ, ಮನೆಯವರ ಸಕ್ಕರೆ ಕಾಯಿಲೆ, ಕೂಡಿಬರದ ಮದುವೆ, ಬಾರದ ಮಳೆ ಎಲ್ಲವೂ ಆದ ಮೇಲೆ ಯಾರಾದರೊಬ್ಬರು ‘ನಿನ್ನ ನಾಮವನ್ನು ಸಾರಲು ನಮಗೆ ಧೈರ್ಯ ಕೊಡು ಕರ್ತನೇ’ ಎನ್ನುತ್ತಾರೆ. ಕೂತವರೆಲ್ಲ ಆಮೆನ್ ಹೇಳುತ್ತಾರೆ. ಮಾರನೆಯ ದಿನ ಕಚೇರಿಯಲ್ಲಿ ಪಕ್ಕದ ಮೇಜಿನವರು ‘ಭಾನುವಾರ ಚರ್ಚಿಗೆ ಹೋಗಿ ಏನು ಮಾಡ್ತೀರಿ?’ ಎಂದು ಕೇಳಿದರೆ ‘ಏನಿಲ್ಲ, ಹಾಡು, ಪ್ರಾರ್ಥನೆ, ಅಷ್ಟೆ’ ಎಂದು ಮಾತು ಮುಗಿಸುತ್ತೇವೆ. ಕೇಳಿದವರಿಗೆ ನಿಜವಾಗಿ ತಿಳಿಯುವ ಆಸೆಯಿತ್ತು. ಹೇಳುವ ಆಸೆ ನಮಗೂ ಇತ್ತು. ನಡುವೆ ಅಡ್ಡ ಬಂದದ್ದೇನು ಎಂಬುದನ್ನು ನಮ್ಮ ಸಭೆಗಳಲ್ಲಿ ಬಿಡಿಸಿ ಮಾತಾಡುವುದು ಅಪರೂಪ. ಧೈರ್ಯವಿಲ್ಲ ಎಂದು ಒಪ್ಪಿಕೊಂಡು, ಇನ್ನೊಮ್ಮೆ ಪ್ರಾರ್ಥಿಸಿ, ಮನೆಗೆ ಹೋಗುತ್ತೇವೆ.

ಭಯ ಒಂದೇ ಬಗೆಯದಲ್ಲ. ಹೊಸದಾಗಿ ನಂಬಿದವರಿಗೆ ಮನೆಯವರ ಭಯ. ಅಪ್ಪ ಮಾತು ಬಿಟ್ಟಾರು, ತಂಗಿಗೆ ಗಂಡು ಸಿಗದೆ ಹೋದೀತು ಎಂಬ ಭಯ. ಬಾಡಿಗೆ ಮನೆಯಲ್ಲಿರುವವರಿಗೆ ಮನೆ ಮಾಲೀಕರ ಭಯ. ಸರ್ಕಾರಿ ನೌಕರಿಯಲ್ಲಿರುವವರಿಗೆ ದೂರಿನ ಭಯ. ಹಳ್ಳಿಗಳಲ್ಲಿ ಸಣ್ಣ ಸಭೆ ನಡೆಸುವ ಪಾಸ್ಟರ್‌ಗಳಿಗೆ ಪೊಲೀಸ್ ಠಾಣೆಯ ಭಯ, ಗುಂಪಿನ ಭಯ. ಇವೆಲ್ಲಕ್ಕೂ ಆಧಾರವಿದೆ, ಇವನ್ನು ವಿಶ್ವಾಸದ ಕೊರತೆ ಎಂದು ವೇದಿಕೆಯ ಮೇಲಿಂದ ಗದರಿಸುವುದು ಅನ್ಯಾಯ. ಆದರೆ ತಲೆಮಾರುಗಳಿಂದ ಕ್ರೈಸ್ತರಾಗಿರುವ, ನೌಕರಿ, ನೆರೆಹೊರೆ ಎಲ್ಲ ಭದ್ರವಾಗಿರುವ ನಮ್ಮಂಥವರಲ್ಲಿ ಕಾಣುವ ಭಯ ಬೇರೆಯದು. ಏನು ಹೇಳಬೇಕೆಂದು ತಿಳಿಯದ ಭಯ ಅದು. ಮರುಪ್ರಶ್ನೆ ಬಂದರೆ ಉತ್ತರವಿಲ್ಲ ಎಂಬ ಅಳುಕು. ಇನ್ನೂ ಆಳದಲ್ಲಿ, ನನ್ನ ಬದುಕನ್ನು ಹತ್ತಿರದಿಂದ ನೋಡಿದವರು ನನ್ನ ಮಾತನ್ನು ನಂಬುತ್ತಾರೆಯೇ ಎಂಬ ಸಂಕೋಚ.

ಇದನ್ನು ಕ್ರಿಸ್‌ಮಸ್ ವಾರದಲ್ಲಿ ಬರಿಗಣ್ಣಿಂದಲೇ ನೋಡಬಹುದು. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಕುಸ್ವಾರ್ ತಟ್ಟೆ ಸಿದ್ಧವಾಗುತ್ತದೆ: ಕಿಡಿಯೊ, ನೆವ್ರಿ, ಕೊಕ್ಕಿಸಾಂ, ಮೇಲೊಂದು ತುಂಡು ಕೇಕ್. ತಟ್ಟೆಯ ಮೇಲೆ ಕ್ರೋಶಾ ಹೊದಿಕೆ ಮುಚ್ಚಿ ಮನೆಯ ಹುಡುಗಿ ಪಕ್ಕದ ಮನೆಗೆ ಹೋಗುತ್ತಾಳೆ. ಆ ಮನೆಯ ಅಜ್ಜಿ ತಟ್ಟೆ ತೆಗೆದುಕೊಂಡು, ಬರಿದಾಗಿ ಹಿಂದಿರುಗಿಸಬಾರದೆಂದು ಅದರಲ್ಲಿ ಒಂದು ಹಿಡಿ ಸಕ್ಕರೆಯೋ ಎರಡು ಬಾಳೆಹಣ್ಣೋ ಇಟ್ಟು, ‘ಅಲ್ಲ ಮಗಾ, ಗೋದಲಿಯಲ್ಲಿ ಆ ಮಗುವನ್ನು ಹುಲ್ಲಿನ ಮೇಲೆ ಯಾಕೆ ಮಲಗಿಸ್ತೀರಿ?’ ಎಂದು ಕೇಳುತ್ತಾರೆ. ಹುಡುಗಿ ನಕ್ಕು ‘ಅದು ಹಾಗೇ ಅಜ್ಜಿ, ನಿಮ್ಮ ದೀಪಾವಳಿ ಇದ್ದ ಹಾಗೆ ನಮಗಿದು’ ಎಂದು ಓಡಿಬರುತ್ತಾಳೆ. ದೇವರು ಅರಮನೆಯನ್ನು ಬಿಟ್ಟು ದನದ ಕೊಟ್ಟಿಗೆಯನ್ನು ಆರಿಸಿಕೊಂಡದ್ದು ಯಾಕೆ ಎಂದು ಅಜ್ಜಿ ಕೇಳಿದ್ದರು. ಕ್ರೈಸ್ತ ನಂಬಿಕೆಯ ನಟ್ಟನಡುವಿನ ಪ್ರಶ್ನೆ ಅದು. ಅಲ್ಲಿ ಕಲ್ಲೆಸೆಯುವವರಿರಲಿಲ್ಲ, ಕಾಯ್ದೆಯ ತೊಡಕೂ ಇರಲಿಲ್ಲ. ಆ ಹುಡುಗಿಗೆ ಉತ್ತರವನ್ನು ಯಾರೂ ಕಲಿಸಿರಲಿಲ್ಲ, ಅಷ್ಟೆ.

ಬೈಬಲಿನಲ್ಲಿ ಈ ಭಯಕ್ಕೆ ಮುಚ್ಚುಮರೆಯಿಲ್ಲ. ಮೋಶೆ ತನಗೆ ಮಾತು ಬಾರದೆಂದ. ಯೆರೆಮೀಯ ತಾನಿನ್ನೂ ಹುಡುಗ ಎಂದ. ಯೋನ ಹಡಗು ಹತ್ತಿ ಓಡಿಹೋದ. ಪೇತ್ರನಂತೂ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತ ನಿಂತಾಗ, ಒಬ್ಬ ಕೆಲಸದ ಹುಡುಗಿಯ ಪ್ರಶ್ನೆಗೆ ಅಂಜಿ, ಆ ಮನುಷ್ಯನನ್ನು ತಾನರಿಯೆ ಎಂದ. ಅದೇ ಪೇತ್ರ ಕೆಲವೇ ವಾರಗಳಲ್ಲಿ ಅದೇ ಊರಿನ ಅಧಿಕಾರಿಗಳ ಮುಂದೆ ಎದೆಯೆತ್ತಿ ಮಾತಾಡಿದ್ದನ್ನು ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಆ ಅಧ್ಯಾಯದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆತನ ಭಾಷಣಕ್ಕಿಂತ ಅದರ ಮುಂದಿನ ಪ್ರಾರ್ಥನೆ. ಬೆದರಿಕೆ ಹಾಕಿಸಿಕೊಂಡು ಬಿಡುಗಡೆಯಾಗಿ ಬಂದವರು ತಮ್ಮವರ ನಡುವೆ ಕೂತು ಬೇಡಿಕೊಳ್ಳುತ್ತಾರೆ. ಬೆದರಿಸಿದವರನ್ನು ದಂಡಿಸು ಎಂದು ಬೇಡುವುದಿಲ್ಲ, ಅಪಾಯ ತಪ್ಪಿಸು ಎಂದೂ ಬೇಡುವುದಿಲ್ಲ. ಮಾತಾಡುವ ಧೈರ್ಯವನ್ನು ಬೇಡುತ್ತಾರೆ. ಆಗಲೇ ಧೈರ್ಯ ತೋರಿಸಿ ಬಂದವರು ಮತ್ತೆ ಅದನ್ನೇ ಬೇಡುತ್ತಾರೆಂದರೆ ಅದು ಒಮ್ಮೆ ಪಡೆದು ಕೂಡಿಟ್ಟುಕೊಳ್ಳುವಂಥದ್ದಲ್ಲ ಎಂದಾಯಿತು. ಪೌಲನೂ ಅಷ್ಟೆ. ಕೊರಿಂಥಕ್ಕೆ ಬಂದಾಗ ಬಲಹೀನನಾಗಿ, ಹೆದರಿ ನಡುಗುತ್ತಿದ್ದೆ ಎಂದು ತಾನೇ ಬರೆದ. ಎಫೆಸದವರಿಗೆ ಬರೆದ ಪತ್ರದ ಕೊನೆಯಲ್ಲಿ, ಸೆರೆಯಲ್ಲಿದ್ದುಕೊಂಡು, ತಾನು ಧೈರ್ಯವಾಗಿ ಮಾತಾಡುವಂತೆ ಪ್ರಾರ್ಥಿಸಿ ಎಂದು ಕೇಳಿಕೊಂಡ. ಬಿಡುಗಡೆಯಾಗಲಿ ಎಂದು ಪ್ರಾರ್ಥಿಸಿ ಎನ್ನಲಿಲ್ಲ.

ಸುವಾರ್ತೆಗಳಲ್ಲಿ ಮೊದಲು ಸಾಕ್ಷಿ ಹೇಳಿದವರ ಕಡೆಗೂ ನೋಡಬೇಕು. ಅವರಲ್ಲಿ ಯಾರೂ ತರಬೇತಿ ಪಡೆದವರಲ್ಲ. ಸಮಾರ್ಯದ ಹೆಂಗಸು ಬಾವಿಕಟ್ಟೆಯಲ್ಲೇ ಕೊಡ ಬಿಟ್ಟು ಊರೊಳಗೆ ಹೋದಳು. ತಾನು ಕಂಡವನನ್ನು ಬಂದು ನೋಡಿ ಎಂದು ಜನರನ್ನು ಕರೆದಳು, ಈತನೇ ಕ್ರಿಸ್ತನಿರಬಹುದೇ ಎಂಬ ಪ್ರಶ್ನೆಯನ್ನು ಅವರ ಮುಂದಿಟ್ಟಳು. ತೀರ್ಪನ್ನು ಅವರಿಗೇ ಬಿಟ್ಟಳು. ಯೋಹಾನನ ಒಂಬತ್ತನೆಯ ಅಧ್ಯಾಯದ ಹುಟ್ಟುಕುರುಡ, ವಿದ್ವಾಂಸರು ಧರ್ಮಶಾಸ್ತ್ರದ ಪ್ರಶ್ನೆಗಳಿಂದ ಸುತ್ತುವರಿದಾಗ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ. ಮುಂಚೆ ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ ಎಂಬಷ್ಟನ್ನು ಮಾತ್ರ ಬಿಡದೆ ಹೇಳಿದ. ಗೆರಸೇನರ ಸೀಮೆಯಲ್ಲಿ ಗುಣವಾದವನು ಯೇಸುವಿನ ಜೊತೆಗೇ ಬರುತ್ತೇನೆಂದು ಹಟ ಹಿಡಿದಾಗ, ಯೇಸು ಅವನನ್ನು ದೋಣಿ ಹತ್ತಿಸಿಕೊಳ್ಳಲಿಲ್ಲ, ಮನೆಗೆ ಹೋಗಿ ನಿನ್ನವರಿಗೆ ಹೇಳು ಎಂದು ಕಳಿಸಿದ. ಎಲ್ಲಕ್ಕಿಂತ ಕಷ್ಟದ ಜಾಗಕ್ಕೇ ಕಳಿಸಿದ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇನ್ನು ನಮ್ಮ ಸೀಮೆಯ ಇತಿಹಾಸ. ಧೈರ್ಯ ಎಂದೊಡನೆ ನೆನಪಾಗುವವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಮೂವರಲ್ಲಿ ಒಬ್ಬರಾದ ಸಾಮ್ಯುಯೆಲ್ ಹೆಬಿಕ್. ಮುಂದೆ ಕಣ್ಣೂರಿನಲ್ಲಿ ನೆಲೆ ನಿಂತ ಹೆಬಿಕ್ ಉದ್ದ ಗಡ್ಡದ, ದೊಡ್ಡ ದನಿಯ ಮನುಷ್ಯ. ಜಾತ್ರೆಗಳಿಗೆ ಹೋಗಿ ನಿಂತು ಸಾರುತ್ತಿದ್ದರು, ಜನ ಕಲ್ಲು ಮಣ್ಣು ತೂರಿದರೂ ಮರುವರ್ಷ ಮತ್ತೆ ಹೋಗುತ್ತಿದ್ದರು. ಕಣ್ಣೂರಿನ ದಂಡಿನಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳಿಗೂ ಕರೆಯದೆ ನುಗ್ಗಿ ಬೈಬಲ್ ತೆರೆಸುತ್ತಿದ್ದರು. ಆಳುವವರ ಮುಖಕ್ಕೂ ಆಳಿಸಿಕೊಳ್ಳುವವರ ಮುಖಕ್ಕೂ ಒಂದೇ ಮಾತು ಹೇಳಿದ ಆ ನೇರತನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಇನ್ನೊಬ್ಬರ ಜಾತ್ರೆಯ ನಡುವೆ, ಅವರು ಕೈಮುಗಿಯುವುದನ್ನೇ ಖಂಡಿಸಿ ಮಾತಾಡುವ ರೀತಿ ಇಂದಿಗೆ ಮಾದರಿಯಾಗಲಾರದು. ಅಂದಿಗೂ ಅದು ಕಿವಿಗಳನ್ನು ತೆರೆಸಿದ್ದಕ್ಕಿಂತ ಮುಚ್ಚಿಸಿದ್ದೇ ಹೆಚ್ಚಿರಬೇಕು. ಸರ್ಕಾರ ಬಿಳಿಯರದಾಗಿದ್ದಾಗ ಬಿಳಿಯನೊಬ್ಬ ಸಂತೆಯಲ್ಲಿ ನಿಂತು ಮಾತಾಡುವುದಕ್ಕೂ, ಅವನ ಮಾತನ್ನು ನಂಬಿದ ಬಡವ ಮನೆಗೆ ಹೋಗಿ ಹೆಂಡತಿಯೆದುರು ಬಾಯಿ ಬಿಡುವುದಕ್ಕೂ ಅಜಗಜಾಂತರವಿದೆ. ಚರಿತ್ರೆ ಮೊದಲನೆಯದನ್ನು ಬರೆದಿಟ್ಟಿತು.

ಅದೇ ಮಿಷನ್ನಿನಿಂದ 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಹಿಡಿದ ದಾರಿ ಬೇರೆ. 1894ರ ನಿಘಂಟಿನಿಂದ ಅವರನ್ನು ಎಲ್ಲ ಕನ್ನಡಿಗರೂ ಬಲ್ಲರು. ಅದಕ್ಕೆ ಮೂರು ದಶಕ ಮೊದಲು, 1862ರಲ್ಲಿ, ಅವರು ‘ಕಥಾಮಾಲೆ’ ಎಂಬ ಕಾವ್ಯದಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಗಮಕಕ್ಕೆ ಒಗ್ಗಿದ ಕಿವಿಗೆ ಯೇಸುವಿನ ಕಥೆ ಗಮಕದ ಧಾಟಿಯಲ್ಲೇ ತಲುಪಲಿ ಎಂಬ ಈ ಹಂಬಲವನ್ನೂ ನಾನು ಧೈರ್ಯದ ಲೆಕ್ಕಕ್ಕೇ ಸೇರಿಸುತ್ತೇನೆ. ಕೇಳುವವನ ಭಾಷೆಯನ್ನು ವರ್ಷಗಟ್ಟಲೆ ಕಲಿಯಲು, ಅವನ ಮುಂದೆ ವಿದ್ಯಾರ್ಥಿಯಾಗಿ ಕೂರಲು, ಅಹಂಕಾರವನ್ನು ಕಳಚಬೇಕಾಗುತ್ತದೆ. ಸಂತೆಯಲ್ಲಿ ಕಲ್ಲೇಟು ತಿನ್ನುವುದಕ್ಕಿಂತ ಅದು ಸುಲಭವೇನಲ್ಲ.

ಮೈಸೂರು ಸೀಮೆಯ ಅಬ್ಬೆ ದುಬಾಯ್ ಅವರದು ಮತ್ತೊಂದು ಬಗೆ. ಟಿಪ್ಪು ಪತನದ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದ ಈ ಫ್ರೆಂಚ್ ಪಾದ್ರಿ ನಮ್ಮವರಂತೆ ಉಟ್ಟು, ಉಂಡು, ಸಿಡುಬಿನ ಲಸಿಕೆ ಹಾಕಿಸುತ್ತ ಊರೂರು ತಿರುಗಿದರು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಭಾರತದಲ್ಲಿ ಒಟ್ಟು ಮೂರು ದಶಕ ಕಳೆದು 1823ರಲ್ಲಿ ಫ್ರಾನ್ಸಿಗೆ ಮರಳಿದ ವರ್ಷವೇ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ದೇಶದಲ್ಲಿ ಮತಾಂತರ ಆಗದ ಕೆಲಸ ಎಂದು ಅವರು ಮುಚ್ಚಿಡದೆ ಬರೆದರು. ಬೇರೆ ಮಿಷನರಿಗಳು ಸಿಟ್ಟಿಗೆದ್ದು ಖಂಡನೆ ಬರೆದರು. ಆದರೆ ಹಾಸನದ ಬಳಿ ಸಾತಳ್ಳಿಯಲ್ಲಿ ದಿಕ್ಕಿಲ್ಲದ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟವರೂ ಇದೇ ದುಬಾಯ್. ಆ ಊರಿನಲ್ಲಿ ಇಂದಿಗೂ ಕ್ರೈಸ್ತ ಸಭೆಯಿದೆ. ತಮ್ಮ ಕೆಲಸದ ಫಲವನ್ನು ಅಳೆಯಲು ಅವರಿಗೇ ಆಗಲಿಲ್ಲ. ಎಷ್ಟು ಜನರಾದರು ಎಂದು ಎಣಿಸುವ ಚಟ ನಮ್ಮ ಇಂದಿನ ಸಂಸ್ಥೆಗಳನ್ನೂ ಬಿಟ್ಟಿಲ್ಲ. ಎಣಿಕೆಗೆ ಕೂತವನನ್ನು ಮೊದಲು ಹತಾಶೆ ಹಿಡಿಯುತ್ತದೆ, ಆಮೇಲೆ ಅವಸರ, ಅದರ ಹಿಂದೆಯೇ ಆಮಿಷದ ಯೋಚನೆ.

ಎಣಿಕೆಯನ್ನೂ ವಾದವನ್ನೂ ಬಿಟ್ಟು ಮಾತಾಡಲು ಕಲಿತವರ ಪೈಕಿ ನನಗೆ ಎಲ್ಲರಿಗಿಂತ ಹತ್ತಿರದವರಾಗಿ ಕಾಣುವುದು ಅಮೆರಿಕದ ಮೆಥಡಿಸ್ಟ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್. ತಮ್ಮ ಮೊದಲ ಪ್ರಸಂಗದ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ದೇವರ ಪರ ವಕೀಲನಾಗಬೇಕೆಂದುಕೊಂಡು, ವಾದವನ್ನು ಹುರಿಗೊಳಿಸಿ, ಬಾಯಿಪಾಠ ಮಾಡಿ, ನೆಂಟರಿಷ್ಟರೆಲ್ಲ ಕೂತಿದ್ದ ಚರ್ಚಿನಲ್ಲಿ ನಿಂತರು. ಐದಾರು ವಾಕ್ಯ ಮುಗಿಯುವಷ್ಟರಲ್ಲಿ ತಾವು ಹಿಂದೆಂದೂ ಬಳಸಿರದ ಒಂದು ಪದ ಬಾಯಿಗೆ ಬಂತು. ಎದುರಿಗಿದ್ದ ಕಾಲೇಜು ಹುಡುಗಿ ಮುಸಿನಕ್ಕಳು. ಅಷ್ಟಕ್ಕೇ ಕಲಿತದ್ದೆಲ್ಲ ಮರೆತುಹೋಯಿತು. ಕ್ಷಮಿಸಿ, ಪ್ರಸಂಗ ಮರೆತೆ ಎಂದು ಕೂರಲು ಹೊರಟವರಿಗೆ, ನಾನು ನಿನಗೆ ಏನೂ ಮಾಡಿಲ್ಲವೇ, ಅಷ್ಟನ್ನಾದರೂ ಹೇಳಬಾರದೇ ಎಂಬ ಪ್ರಶ್ನೆ ಒಳಗಿನಿಂದ ಬಂದಂತಾಯಿತು. ತಮ್ಮ ಬದುಕಿನಲ್ಲಿ ಕ್ರಿಸ್ತ ಮಾಡಿದ್ದನ್ನು ತೊದಲುತ್ತಲೇ ಹೇಳಿದರು. ಕೊನೆಯಲ್ಲಿ ಒಬ್ಬ ಹುಡುಗ ಮುಂದೆ ಬಂದು, ತನಗೂ ಅದು ಬೇಕು ಎಂದ. ತನ್ನ ಕೆಲಸ ವಕೀಲಿಕೆಯಲ್ಲ, ಸಾಕ್ಷಿ ಹೇಳುವುದು ಎಂದು ಜೋನ್ಸ್ ಅಂದೇ ತಿಳಿದುಕೊಂಡರು.

ಇದು ಬರೀ ಒಂದು ಚೆಂದದ ಕಥೆಯಾಗಿ ಉಳಿಯಲಿಲ್ಲ, ಅವರ ಕೆಲಸದ ವಿಧಾನವೇ ಆಯಿತು. ಭಾರತಕ್ಕೆ ಬಂದು, ದಣಿದು, ಮನಸ್ಸು ಕುಸಿದು, ಮತ್ತೆ ಚೇತರಿಸಿಕೊಂಡ ಮೇಲೆ ಅವರು ‘ರೌಂಡ್ ಟೇಬಲ್’ ಕೂಟಗಳನ್ನು ಆರಂಭಿಸಿದರು. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು, ದೇವರನ್ನು ನಂಬದವರು ಒಂದು ವೃತ್ತವಾಗಿ ಕೂರುತ್ತಿದ್ದರು. ವಾದ ಮಾಡುವಂತಿಲ್ಲ, ಉಪದೇಶ ಮಾಡುವಂತಿಲ್ಲ. ನಿನ್ನ ನಂಬಿಕೆ ನಿನ್ನ ಬದುಕಿನಲ್ಲಿ, ದುಃಖದಲ್ಲಿ, ಪಾಪದ ಅರಿವಿನಲ್ಲಿ ನಿನಗೆ ಏನು ಕೊಟ್ಟಿದೆ ಎಂದಷ್ಟೇ ಸರದಿಯಂತೆ ಹೇಳಬೇಕು. ಕ್ರೈಸ್ತ ಧರ್ಮ ಈ ನೆಲದ್ದಾಗಬೇಕಾದರೆ ಏನು ಮಾಡಬೇಕೆಂದು ಜೋನ್ಸ್ ಗಾಂಧೀಜಿಯನ್ನು ಕೇಳಿದ್ದರು. ಗಾಂಧೀಜಿ ಹೇಳಿದ್ದು: ಕ್ರೈಸ್ತರು ಯೇಸುವಿನಂತೆ ಬಾಳಬೇಕು, ಧರ್ಮವನ್ನು ತೆಳುಗೊಳಿಸದೆ ಆಚರಿಸಬೇಕು, ಪ್ರೀತಿಯನ್ನು ನಡುವಿಗೆ ತರಬೇಕು, ಬೇರೆ ಧರ್ಮಗಳನ್ನು ಸಹಾನುಭೂತಿಯಿಂದ ಓದಬೇಕು. ಮತಾಂತರವನ್ನು ಗಾಂಧೀಜಿ ಕೊನೆಯವರೆಗೂ ವಿರೋಧಿಸಿದರು, ಗುಲಾಬಿಗೆ ಪ್ರಚಾರ ಬೇಡ, ಪರಿಮಳ ಸಾಕು ಎಂಬ ಅವರ ಮಾತು ಪ್ರಸಿದ್ಧ. ನಾನು ಅರ್ಧ ಒಪ್ಪುತ್ತೇನೆ. ಪರಿಮಳವಿಲ್ಲದ ಮಾತು ವ್ಯರ್ಥ. ಆದರೆ ಸತ್ತ ಮಗುವಿನ ತಾಯಿ ಪಕ್ಕದಲ್ಲಿ ಕೂತು, ನೀವು ಇದನ್ನೆಲ್ಲ ಹೇಗೆ ತಡೆದುಕೊಂಡಿರಿ ಎಂದು ಕೇಳಿದಾಗ ಮೌನವಾಗಿರುವುದನ್ನು ನಮ್ರತೆ ಎನ್ನಲು ನನ್ನಿಂದಾಗದು. ಆಗ ಮಾತನ್ನು ತಡೆದಿಟ್ಟುಕೊಂಡರೆ ಜಿಪುಣತನವಾಗುತ್ತದೆ.

ಮಾತು, ಮೌನಗಳ ನಡುವಿನ ಈ ಇಕ್ಕಟ್ಟನ್ನು ಪಂಡಿತಾ ರಮಾಬಾಯಿಯಷ್ಟು ಕಠಿಣವಾಗಿ ಅನುಭವಿಸಿದವರು ಕಡಿಮೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಹೆಣ್ಣಿಗೂ ಸಂಸ್ಕೃತ ಕಲಿಸಬೇಕೆಂದು ಹಟ ಹಿಡಿದಿದ್ದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ ಹುಟ್ಟಿದ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಮರಳಿ ಬಂದು 1889ರಲ್ಲಿ ಬಾಲವಿಧವೆಯರಿಗಾಗಿ ‘ಶಾರದಾ ಸದನ’ ತೆರೆದಾಗ, ಅಲ್ಲಿ ಧರ್ಮಬೋಧನೆ ಇರುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಅವರು ಮಗಳೊಂದಿಗೆ ತಮ್ಮ ಕೋಣೆಯಲ್ಲಿ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು, ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕೂತರು. ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರಕರರಂಥ ಬೆಂಬಲಿಗರೇ ಸಲಹಾ ಮಂಡಳಿಯಿಂದ ಹೊರನಡೆದರು, ಹಲವರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಬಾಗಿಲು ಮುಚ್ಚಿ ಪ್ರಾರ್ಥಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ತನ್ನ ಮನೆಯಲ್ಲಿ ತಾನು ಅಡಗಿ ನಂಬಲಾರೆ ಎಂಬುದು ಅವರ ನಿಲುವು. ಇನ್ನೊಂದು ಕಡೆಯಿಂದ ನೋಡಿದರೆ, ಅನ್ನ, ಆಸರೆ ಎರಡಕ್ಕೂ ತನ್ನನ್ನೇ ನೆಚ್ಚಿಕೊಂಡ ಹುಡುಗಿಯರೆದುರು ತೆರೆದ ಬಾಗಿಲೂ ಒಂದು ಬಗೆಯ ಕರೆಯೇ. ಎರಡೂ ನಿಜ. ರಮಾಬಾಯಿ ಇಂಗ್ಲೆಂಡಿನಲ್ಲಿ ತಮ್ಮ ಚರ್ಚಿನ ಹಿರಿಯರ ಅಪ್ಪಣೆಗಳನ್ನೂ ಪ್ರಶ್ನಿಸಿದ್ದವರು. ಪುಣೆಯ ಪಂಡಿತರಿಗೂ ಬಾಗದೆ, ಆಂಗ್ಲಿಕನ್ ಪಾದ್ರಿಗಳಿಗೂ ಬಾಗದೆ, ತಾವು ಕಂಡದ್ದನ್ನು ತಮ್ಮದೇ ದನಿಯಲ್ಲಿ ಹೇಳಿದರು. ಕೊನೆಗಾಲದವರೆಗೂ ಕೂತು ಇಡೀ ಬೈಬಲನ್ನು ಸಾಮಾನ್ಯ ಹೆಂಗಸರಿಗೆ ಅರ್ಥವಾಗುವ ಮರಾಠಿಗೆ ತಂದು, 1922ರಲ್ಲಿ ತೀರಿಕೊಂಡರು.

ರಮಾಬಾಯಿ ಪ್ರಸಂಗದಿಂದ ಏಳುವ ಪ್ರಶ್ನೆ ಇವತ್ತು ಆಸ್ಪತ್ರೆಯ ವಾರ್ಡಿನಲ್ಲಿ ಎದುರಾಗುತ್ತದೆ. ನಾನು ಕಂಡ ಒಂದು ಸಂದರ್ಭ ಹೇಳುತ್ತೇನೆ. ಮಿಷನ್ ಆಸ್ಪತ್ರೆಯೊಂದರ ಹೆಂಗಸರ ವಾರ್ಡ್, ರಾತ್ರಿ ಪಾಳಿ. ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಇರುವ ನಡುವಯಸ್ಸಿನ ತಾಯಿಗೆ ನಿದ್ದೆಯಿಲ್ಲ. ನರ್ಸ್ ಬಂದು ಬಿ.ಪಿ. ನೋಡಿ, ದಿಂಬು ಸರಿಮಾಡಿ, ‘ಭಯ ಆಗ್ತಿದೆಯಾ ಅಮ್ಮಾ?’ ಎಂದರು. ‘ಆಗ್ತಿದೆ ಸಿಸ್ಟರ್. ನೀವು ಪ್ರಾರ್ಥನೆ ಮಾಡ್ತೀರಂತಲ್ಲ?’ ನರ್ಸ್ ಕೂಡಲೇ ಕೈ ಜೋಡಿಸಲಿಲ್ಲ. ‘ಮಾಡ್ತೀನಮ್ಮಾ. ನಾನು ಯೇಸುಸ್ವಾಮಿಯ ಹೆಸರಲ್ಲಿ ಮಾಡೋದು. ನಿಮಗೆ ಇಲ್ಲೇ ಬೇಕೋ, ಇಲ್ಲ ನಾನು ಆಮೇಲೆ ನನ್ನಷ್ಟಕ್ಕೆ ಮಾಡ್ಲೋ? ಯಾವುದಾದರೂ ಸರಿ. ನಾಳೆ ನಿಮ್ಮನ್ನ ನೋಡಿಕೊಳ್ಳೋದರಲ್ಲಿ ಏನೂ ವ್ಯತ್ಯಾಸ ಆಗಲ್ಲ’ ಎಂದರು. ಆ ತಾಯಿ ಸ್ವಲ್ಪ ಹೊತ್ತು ಯೋಚಿಸಿ, ‘ಇಲ್ಲೇ ಮಾಡಿ, ನಾನು ನಮ್ಮ ದೇವರನ್ನೂ ನೆನೀತೀನಿ’ ಎಂದರು. ಸಿಸ್ಟರ್ ನಾಲ್ಕೇ ವಾಕ್ಯ ಪ್ರಾರ್ಥಿಸಿ ಮುಂದಿನ ಹಾಸಿಗೆಗೆ ಹೋದರು. ಮಲಗಿದವರಿಗೆ ಎದ್ದುಹೋಗುವ ಶಕ್ತಿಯಿಲ್ಲ, ಬೇಡ ಎನ್ನಲು ಸಂಕೋಚ. ಅದನ್ನರಿತು, ಬೇಡ ಎನ್ನುವ ದಾರಿಯನ್ನು ಮೊದಲು ತೆರೆದಿಟ್ಟು, ಆಮೇಲೆ ಯೇಸುವಿನ ಹೆಸರನ್ನು ಅಳುಕಿಲ್ಲದೆ ಹೇಳಿದ ಆ ನರ್ಸ್‌ನಿಂದ ಕಲಿತಷ್ಟನ್ನು ನಾನು ಎಷ್ಟೋ ಸುವಾರ್ತಾ ಸಮ್ಮೇಳನಗಳಲ್ಲಿ ಕಲಿಯಲಿಲ್ಲ. ಎದುರಿನವರ ಸ್ವಾತಂತ್ರ್ಯಕ್ಕೆ ಜಾಗ ಬಿಟ್ಟಷ್ಟೂ ಹೇಳುವವರ ಎದೆ ಹಗುರಾಗುತ್ತದೆ ಎಂಬುದು ನನಗೆ ಅಲ್ಲಿ ಕಂಡಿತು. ಒಪ್ಪಿಸುವ ಹೊಣೆ ನನ್ನದಲ್ಲ ಎಂದು ಗೊತ್ತಾದ ಮೇಲೆ ಹೇಳುವುದಕ್ಕೆ ಹೆದರುವುದೇಕೆ?

ಚರ್ಚುಗಳೂ ತಡವಾಗಿಯಾದರೂ ಇದನ್ನು ಬರಹಕ್ಕೆ ಇಳಿಸಿವೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಘೋಷಣೆ, ಬಡವರ ಮತ್ತು ಓದುಬರಹವಿಲ್ಲದವರ ನಡುವೆ ಬಲವಂತದ ಅಥವಾ ಅಗೌರವದ ಮನವೊಲಿಕೆಯ ಸುಳಿವೂ ಇರಬಾರದು ಎಂದಿತು. 2011ರಲ್ಲಿ ವ್ಯಾಟಿಕನ್, ಜಾಗತಿಕ ಚರ್ಚುಗಳ ಮಂಡಳಿ, ಜಾಗತಿಕ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ, ಬಹುಧರ್ಮಗಳ ಜಗತ್ತಿನಲ್ಲಿ ಸಾಕ್ಷಿ ನೀಡುವವರ ನಡತೆ ಹೇಗಿರಬೇಕೆಂದು ಒಂದು ಕಿರುದಸ್ತಾವೇಜು ತಂದವು. ಸಾಕ್ಷಿ ಹೇಳುವುದು ಕರ್ತವ್ಯ, ಆಮಿಷ ಮತ್ತು ಮೋಸ ಸುವಾರ್ತೆಗೇ ದ್ರೋಹ ಎಂಬ ಎರಡೂ ಮಾತು ಅದರಲ್ಲಿವೆ. ಅದು ನಮ್ಮ ಹಳ್ಳಿ ಸಭೆಗಳನ್ನು ಇನ್ನೂ ಮುಟ್ಟಿಲ್ಲ.

ಕಾನೂನಿನ ಮಾತಿಗೆ ಬಂದರೆ, ಭಯದ ಬಹುಪಾಲು ಅರೆತಿಳಿವಿನಿಂದ ಹುಟ್ಟಿದ್ದು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನೊಂದಿಗೆ ಪ್ರಚಾರ ಮಾಡುವ ಹಕ್ಕನ್ನೂ ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿ ಅದಕ್ಕಿದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ‘ಪ್ರಚಾರ’ವನ್ನು ಸೇರಿಸಕೂಡದೆಂದು ಲೋಕನಾಥ ಮಿಶ್ರ ವಾದಿಸಿದರು. ಅದನ್ನು ಎತ್ತಿಹಿಡಿದವರಲ್ಲಿ ಕೆ.ಎಂ. ಮುನ್ಶಿ, ಟಿ.ಟಿ. ಕೃಷ್ಣಮಾಚಾರಿ ಇದ್ದರು. ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ವರ್ಷಗಟ್ಟಲೆ ಓದಿದ ತನ್ನನ್ನು ಯಾರೂ ಮತಾಂತರಿಸಲು ನೋಡಲಿಲ್ಲ ಎಂದು ಕೃಷ್ಣಮಾಚಾರಿ ಹೇಳಿದ್ದು ಕಲಾಪದಲ್ಲಿ ದಾಖಲಾಗಿದೆ. ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜರೂ ಆ ಸಭೆಯ ಸದಸ್ಯರಾಗಿದ್ದರು. ಈ ಹಕ್ಕು ಹಿಂದೂ ಸದಸ್ಯರ ಬೆಂಬಲದಿಂದ ನಮಗೆ ದೊರೆತದ್ದು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಎಂದರೆ ತನ್ನ ಧರ್ಮದ ತತ್ತ್ವವನ್ನು ವಿವರಿಸಿ ಹರಡುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ಆಮಿಷಗಳ ಮತಾಂತರಕ್ಕೆ ಕಠಿಣ ಶಿಕ್ಷೆ ವಿಧಿಸಿ, ಆರೋಪ ಸುಳ್ಳೆಂದು ತೋರಿಸುವ ಹೊರೆಯನ್ನು ಆರೋಪಿಯ ಮೇಲೆ ಹೊರಿಸಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ತಾನು ನಂಬಿದ್ದನ್ನು ಕೇಳಿದವರಿಗೆ ವಿವರಿಸುವುದನ್ನು ಇವುಗಳಲ್ಲಿ ಯಾವುದೂ ಅಪರಾಧವೆಂದಿಲ್ಲ. 2011ರ ಜನಗಣತಿಯಂತೆ ಈ ರಾಜ್ಯದ ಕ್ರೈಸ್ತರು ಸುಮಾರು 11.4 ಲಕ್ಷ, ನೂರಕ್ಕೆ ಇಬ್ಬರೂ ಇಲ್ಲ. ಇಷ್ಟು ಸಣ್ಣ ಸಮುದಾಯಕ್ಕೆ ತನ್ನ ಹಕ್ಕಿನ ಅಕ್ಷರಗಳು ಬಾಯಿಗೆ ಬರಬೇಕು.

2008ರ ಸೆಪ್ಟೆಂಬರ್ 14ರ ಭಾನುವಾರ ಕರಾವಳಿಯ ಚರ್ಚುಗಳ ಮೇಲೆ ನಡೆದ ದಾಳಿಗಳನ್ನು ಇಲ್ಲಿ ಮರೆಯುವಂತಿಲ್ಲ. ಹಿಂದೂ ದೇವತೆಗಳನ್ನು ಹೀಗಳೆಯುವ ಪುಸ್ತಕ ಹಂಚಲಾಯಿತು ಎಂಬುದು ದಾಳಿಕೋರರ ಪರವಾಗಿ ಕೇಳಿಬಂದ ಸಮರ್ಥನೆ. ಯಾವ ಪುಸ್ತಕವೂ ಪ್ರಾರ್ಥನಾ ಮಂದಿರ ಒಡೆಯಲು ಪರವಾನಗಿಯಲ್ಲ. ಜೊತೆಗೇ ನಮ್ಮವರಿಗೆ ಒಂದು ಮಾತು ಹೇಳಲೇಬೇಕು: ಇನ್ನೊಬ್ಬರು ಪೂಜಿಸುವುದನ್ನು ಹಳಿಯುವ ಬರಹಕ್ಕೂ ಭಾಷಣಕ್ಕೂ ಧೈರ್ಯ ಎಂಬ ಹೆಸರು ಸಲ್ಲದು. ಪೇತ್ರನ ಮೊದಲ ಪತ್ರದಲ್ಲಿ, ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎಂಬ ಅಪ್ಪಣೆಗೆ ಅಂಟಿಕೊಂಡೇ, ಮೃದುವಾಗಿ, ಗೌರವದಿಂದ ಎಂಬ ಷರತ್ತೂ ಇದೆ. ಅಂಗಳದಲ್ಲಿ ಅಂಜಿ ಸುಳ್ಳಾಡಿದ ಮನುಷ್ಯನ ಹೆಸರಿನಲ್ಲಿ ಬಂದ ಮಾತು ಅದು. ಧೈರ್ಯದ ನೆಪದಲ್ಲಿ ಒರಟಾಗುವುದು ಎಷ್ಟು ಸುಲಭ ಎಂದು ಆತನಿಗೆ ಗೊತ್ತಿತ್ತು. ಗೆತ್ಸೇಮನೆಯಲ್ಲಿ ಕತ್ತಿ ಹಿರಿದವನೂ ಆತನೇ.

ಹಾಗಾದರೆ ಧೈರ್ಯವನ್ನು ಕಲಿಸಬಹುದೇ? ಕಲಿಸಬಹುದು, ಜೊತೆಗೆ ಕರೆದೊಯ್ದರೆ. ‘ಇವ್ಯಾಂಜೆಲಿಸಂ ಎಕ್ಸ್‌ಪ್ಲೋಷನ್’ ಎಂಬ ತರಬೇತಿಯನ್ನು ಕಟ್ಟಿದ ಫ್ಲಾರಿಡಾದ ಪಾದ್ರಿ ಜೇಮ್ಸ್ ಕೆನಡಿ, ಮನೆಮನೆ ಭೇಟಿ ಎಂದರೆ ತಾವೇ ನಡುಗುತ್ತಿದ್ದವರು. ಜಾರ್ಜಿಯಾದ ಒಬ್ಬ ಪಾದ್ರಿಯೊಡನೆ ಕೆಲವು ದಿನ ಸುಮ್ಮನೆ ಹೋಗಿ, ಅವರು ಮಾತಾಡುವುದನ್ನು ನೋಡಿದ ಮೇಲೆಯೇ ಅವರಿಗೆ ಬಾಯಿ ಬಂದದ್ದು. ಅಂಥ ತರಬೇತಿಗಳಲ್ಲಿ ಬಾಯಿಪಾಠದ ಪ್ರಶ್ನೋತ್ತರ ನನಗೆ ಹಿಡಿಸುವುದಿಲ್ಲ. ಕಂಠಪಾಠ ಮಾಡಿ ಬಂದವನು ಕೇಳುವವನ ಮುಖವನ್ನು ನೋಡುವುದೇ ಇಲ್ಲ. ಆದರೆ ಇಬ್ಬರಾಗಿ ಹೋಗುವ ಕ್ರಮ ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳಿಸಿದಷ್ಟು ಹಳೆಯದು. ನಮ್ಮ ಯುವಜನ ಕೂಟಗಳಲ್ಲಿ ಇದಕ್ಕಿಂತ ಮೊದಲು ಆಗಬೇಕಾದದ್ದು ಇನ್ನೊಂದಿದೆ: ಅನುಮಾನಗಳನ್ನು ಬಾಯಿಬಿಟ್ಟು ಕೇಳಲು ಅವಕಾಶ. ನರಳುವಿಕೆ ಯಾಕೆ, ಬೇರೆ ಧರ್ಮದ ಒಳ್ಳೆಯವರ ಗತಿ ಏನು, ಪ್ರಾರ್ಥಿಸಿದರೂ ಅಪ್ಪ ಯಾಕೆ ಉಳಿಯಲಿಲ್ಲ ಎಂಬ ಪ್ರಶ್ನೆಗಳನ್ನು ಸಭೆಯೊಳಗೆ ಕೇಳಲಾಗದ ಹುಡುಗ, ಹೊರಗೆ ಅದೇ ಪ್ರಶ್ನೆ ಎದುರಾದೀತೆಂದು ಬಾಯಿ ಮುಚ್ಚಿಕೊಂಡೇ ಇರುತ್ತಾನೆ. ಗೊತ್ತಿಲ್ಲ, ಆದರೂ ನಂಬಿದ್ದೇನೆ, ಇಂಥ ಕಾರಣಕ್ಕೆ ನಂಬಿದ್ದೇನೆ ಎಂದು ಹೇಳುವುದನ್ನು ಹಿರಿಯರು ಅವನೆದುರು ಮಾಡಿ ತೋರಿಸಬೇಕು.

ಎಲ್ಲಕ್ಕಿಂತ ಕಷ್ಟದ ಜಾಗ ಮನೆ ಎಂದೆನಲ್ಲ, ಅದಕ್ಕೆ ಪಂಜಾಬಿನ ದಿತ್ತ್ ಎಂಬ ಮನುಷ್ಯ ಸಾಕ್ಷಿ. ಸಿಯಾಲ್‌ಕೋಟ್ ಕಡೆಯ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚೂಹ್ರಾ ಸಮುದಾಯದವನು. ಕುಂಟ. ತೊಗಲು ಕೊಂಡು ಮಾರುವುದು ಕಸುಬು. ಓದುಬರಹವಿಲ್ಲ. 1873ರಲ್ಲಿ ಅಮೆರಿಕನ್ ಮಿಷನರಿ ಸಾಮ್ಯುಯೆಲ್ ಮಾರ್ಟಿನ್ ಬಳಿ ಬಂದು ದೀಕ್ಷಾಸ್ನಾನ ಕೇಳಿದ. ಮಾರ್ಟಿನ್ ಹಿಂದೆಮುಂದೆ ನೋಡಿದರು, ಕಲಿತು ಆಮೇಲೆ ತೆಗೆದುಕೊಳ್ಳಬಾರದೇ ಎಂದರು. ದಿತ್ತ್ ಒಪ್ಪಲಿಲ್ಲ. ಕೊನೆಗೆ ಸ್ನಾನವಾಯಿತು. ಅದಾದ ತಕ್ಷಣ ಅವನು ಊರಿಗೆ ಹಿಂದಿರುಗುತ್ತೇನೆಂದಾಗ ಮಿಷನರಿಗೆ ಇನ್ನೂ ದಿಗಿಲಾಯಿತು. ಆ ಕಾಲಕ್ಕೆ ಹೊಸ ಕ್ರೈಸ್ತರನ್ನು ಮಿಷನ್ ಕಾಂಪೌಂಡಿನೊಳಗೆ ಉಳಿಸಿಕೊಳ್ಳುವುದೇ ರೂಢಿ. ಮನೆಯಲ್ಲಿ ನೆಂಟರು ಸೇರಿ ಛೀಮಾರಿ ಹಾಕಿದರು. ಅವನು ಜಗಳಕ್ಕೆ ನಿಲ್ಲಲಿಲ್ಲ, ಮನೆ ಬಿಟ್ಟೂ ಹೋಗಲಿಲ್ಲ. ಊರೂರು ಸುತ್ತಿ ತೊಗಲು ಕೊಳ್ಳುತ್ತ, ಹೋದಲ್ಲೆಲ್ಲ ತನಗಾದದ್ದನ್ನು ಹೇಳುತ್ತ ಇದ್ದ. ಎರಡು ತಿಂಗಳಾದ ಮೇಲೆ ಹೆಂಡತಿ, ಮಗಳು, ಇಬ್ಬರು ನೆರೆಯವರನ್ನು ಕರೆದುಕೊಂಡು ಸಿಯಾಲ್‌ಕೋಟಿಗೆ ನಡೆದು ಬಂದ. ಮಾರ್ಟಿನ್ ಅವರನ್ನು ಪರೀಕ್ಷಿಸಿ ನೋಡಿದರೆ, ಕಲಿಯಬೇಕಾದದ್ದನ್ನೆಲ್ಲ ಅವನೇ ಕಲಿಸಿದ್ದ. ಅದೇ ದಿನ ಸ್ನಾನ ಮುಗಿಸಿಕೊಂಡು ಐವರೂ ಊರಿನ ದಾರಿ ಹಿಡಿದರು. ಮುಂದಿನ ದಶಕಗಳಲ್ಲಿ ಆ ಸೀಮೆಯ ಅವನ ಜನರಲ್ಲಿ ಬಹುಪಾಲು ಕ್ರೈಸ್ತರಾದರು. ಅವರಿಗೆಲ್ಲ ಸುದ್ದಿ ಮುಟ್ಟಿಸಿದವರು ಹೆಚ್ಚಾಗಿ ನೆಂಟರು, ಬೀಗರು, ಒಟ್ಟಿಗೆ ಕೂಲಿಗೆ ಹೋಗುತ್ತಿದ್ದವರು.